ಆ್ಯಪಲ್ ಮುಂದೆ ಯಾವ ಸಾಫ್ಟ್‌ವೇರ್ ಮಾಡಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಮ್ಯಾಕ್, ಐಪ್ಯಾಡ್, ಐಫೋನ್ ಬಳಸುವ ನಾಲ್ಕು ಜನ ಸೇರಿದರೆ ಮಾತು ಸುತ್ತಿ ಬಳಸಿ ಒಂದು ಕಡೆಗೇ ಬರುತ್ತದೆ: ‘ಆ್ಯಪಲ್‌ನವರು ಅದೊಂದು ಪ್ರೋಗ್ರಾಂ ಮಾಡಿಕೊಟ್ಟಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು!’ ಈ ‘ಅದೊಂದು’ ಯಾವುದು ಅನ್ನೋದು ಒಬ್ಬೊಬ್ಬರಿಗೆ ಒಂದೊಂದು. ಆದರೂ ಕೆಲವು ಹೆಸರುಗಳು ಮತ್ತೆ ಮತ್ತೆ ಕಿವಿಗೆ ಬೀಳುತ್ತವೆ. ಅವನ್ನೂ, ಅವುಗಳ ಜೊತೆ ಬರುವ ಅನುಮಾನಗಳನ್ನೂ ಇಲ್ಲಿ ಒಟ್ಟು ಮಾಡಿದ್ದೇನೆ. ಉತ್ತರಗಳಲ್ಲಿ ನನ್ನ ಅಭಿಪ್ರಾಯವೂ ಇದೆ, ಅದನ್ನು ಮುಚ್ಚಿಟ್ಟಿಲ್ಲ.

ಕಂಪ್ಯೂಟರ್ ಮಾಡುವ ಕಂಪನಿ ಸಾಫ್ಟ್‌ವೇರ್ ಯಾಕೆ ಮಾಡಬೇಕು? ಅದಕ್ಕೆ ಬೇರೆಯವರಿದ್ದಾರಲ್ಲ?

ಇದ್ದಾರೆ. ಆದರೂ ಆ್ಯಪಲ್ ಮೊದಲಿನಿಂದ ಎರಡನ್ನೂ ಮಾಡುತ್ತಲೇ ಬಂದಿದೆ. 1984ರಲ್ಲಿ ಮೊದಲ ಮ್ಯಾಕಿಂಟಾಷ್ ಬಂದಾಗ ಬರೆಯಲು ಮ್ಯಾಕ್‌ರೈಟ್, ಚಿತ್ರ ಬಿಡಿಸಲು ಮ್ಯಾಕ್‌ಪೇಂಟ್ ಜೊತೆಗೇ ಬಂದವು. ಮೌಸ್ ಮುಟ್ಟಿಯೇ ಗೊತ್ತಿಲ್ಲದವರಿಗೆ ಈ ಪೆಟ್ಟಿಗೆಯಿಂದ ಏನು ಮಾಡಬಹುದು ಅಂತ ತೋರಿಸಿದ್ದು ಆ ಎರಡು ಪ್ರೋಗ್ರಾಂಗಳು.

ಬೇರೆ ಡೆವಲಪರ್‌ಗಳಿಗೆ ಇದು ಹಿಡಿಸಲಿಲ್ಲ. ಕಂಪನಿಯೇ ಪೈಪೋಟಿಗೆ ಇಳಿದರೆ ನಾವು ಬದುಕುವುದು ಹೇಗೆ ಅನ್ನುವುದು ಅವರ ಚಿಂತೆ. 1987ರಲ್ಲಿ ಆ್ಯಪಲ್ ತನ್ನ ಪ್ರೋಗ್ರಾಂಗಳನ್ನು ಕ್ಲಾರಿಸ್ ಅನ್ನುವ ಅಂಗಸಂಸ್ಥೆಗೆ ವಹಿಸಿಕೊಟ್ಟಿತು. ಹತ್ತು ವರ್ಷ ಕಳೆಯುವಷ್ಟರಲ್ಲಿ ಗಾಳಿ ತಿರುಗಿತು. ವಿಡಿಯೋ ಎಡಿಟ್ ಮಾಡುವ ಫೈನಲ್ ಕಟ್‌ ಅನ್ನು 1998ರಲ್ಲಿ ಮ್ಯಾಕ್ರೋಮೀಡಿಯಾದಿಂದ ಕೊಂಡು, ಮರುವರ್ಷ ತನ್ನ ಹೆಸರಿನಲ್ಲೇ ಬಿಡುಗಡೆ ಮಾಡಿತು. 2003ರ ಜನವರಿಯಲ್ಲಿ ಸಫಾರಿ ಬಂತು. ಅದೇ ಜೂನ್‌ನಲ್ಲಿ ಮೈಕ್ರೋಸಾಫ್ಟ್ ಮ್ಯಾಕ್‌ಗಾಗಿ ಮಾಡುತ್ತಿದ್ದ ಇಂಟರ್ನೆಟ್ ಎಕ್ಸ್‌ಪ್ಲೋರರ್ ಕೆಲಸ ನಿಲ್ಲಿಸಿತು. ಅಷ್ಟರಲ್ಲಿ ತನ್ನದೇ ಬ್ರೌಸರ್ ಕೈಯಲ್ಲಿ ಇಲ್ಲದಿದ್ದರೆ ದೊಡ್ಡ ಪೇಚಾಟವೇ ಆಗುತ್ತಿತ್ತು. ಹೊರಗಿನವರು ಕೈಬಿಟ್ಟಾಗ ಮನೆಯವರು ಮಾಡಬೇಕಾಗುತ್ತದೆ, ಅಲ್ವಾ?

ಎಲ್ಲಕ್ಕಿಂತ ಜಾಸ್ತಿ ಕೇಳಿಬರುವ ಆಸೆ ಯಾವುದು?

ನನ್ನ ಕಿವಿಗೆ ಜಾಸ್ತಿ ಬಿದ್ದದ್ದು, ನನಗೂ ಬೇಕಾದದ್ದು: ಸಾಮಾನ್ಯ ಜನರಿಗೆ ಒಂದು ಸುಲಭದ ಡೇಟಾಬೇಸ್.

ಡೇಟಾಬೇಸ್ ಅಂದ ಕೂಡಲೇ ಬ್ಯಾಂಕು, ಆಫೀಸು ಅಂತ ಹೆದರಬೇಡಿ. ಪಟ್ಟಿ ಇಡುವ ಎಲ್ಲರಿಗೂ ಬೇಕಾದ ವಸ್ತು ಇದು. ಯಾರಿಗೆ ಯಾವ ಪುಸ್ತಕ ಕೊಟ್ಟಿದ್ದೀರಿ, ಯಾವ ಉಪಕರಣದ ವಾರಂಟಿ ಯಾವಾಗ ಮುಗಿಯುತ್ತದೆ, ತೋಟದಲ್ಲಿ ಯಾವ ಗಿಡ ಎಂದು ನೆಟ್ಟಿರಿ, ಸಂಘದ ಸದಸ್ಯರಲ್ಲಿ ಯಾರು ಹಣ ಕಟ್ಟಿದ್ದಾರೆ. ಇವೆಲ್ಲ ಡೇಟಾಬೇಸ್ ಕೆಲಸಗಳೇ. ಒಂದೊಂದಕ್ಕೂ ಒಂದು ಕಾರ್ಡ್. ಕಾರ್ಡ್‌ನಲ್ಲಿ ಒಂದು ಫೋಟೋ, ನಾಲ್ಕು ಖಾನೆ, ಒಂದು ಟಿಪ್ಪಣಿ. ಅದು ಮ್ಯಾಕ್‌ನಲ್ಲೂ ಇರಬೇಕು, ಫೋನ್‌ನಲ್ಲೂ ಇರಬೇಕು. ಅಷ್ಟೇ.

ಇಂಥದ್ದು ಹಿಂದೆ ಇತ್ತು. 2008ರ ಜನವರಿಯಲ್ಲಿ ಆ್ಯಪಲ್‌ನ ಅಂಗಸಂಸ್ಥೆ ಫೈಲ್‌ಮೇಕರ್, ಬೆಂಟೋ ಅನ್ನುವ ಪ್ರೋಗ್ರಾಂ ಹೊರತಂದಿತು. ಸಿದ್ಧ ಮಾದರಿಗಳಿದ್ದವು. ಮ್ಯಾಕ್‌ನ ವಿಳಾಸ ಪುಸ್ತಕವನ್ನೂ ಕ್ಯಾಲೆಂಡರನ್ನೂ ಅದು ನೇರವಾಗಿ ಓದುತ್ತಿತ್ತು. ಪ್ರೋಗ್ರಾಮಿಂಗ್ ಗಂಧ ಇಲ್ಲದವರೂ ಅರ್ಧ ಗಂಟೆಯಲ್ಲಿ ತಮಗೆ ಬೇಕಾದ ಹಾಗೆ ಕಟ್ಟಿಕೊಳ್ಳುತ್ತಿದ್ದರು. 2013ರ ಸೆಪ್ಟೆಂಬರ್ ಕೊನೆಗೆ ಅದರ ಮಾರಾಟ ನಿಂತಿತು. ಆ ಜಾಗ ಇವತ್ತಿಗೂ ಖಾಲಿ ಇದೆ.

ಆ್ಯಪಲ್‌ನ ಸ್ಪ್ರೆಡ್‌ಶೀಟ್ ಪ್ರೋಗ್ರಾಂ ನಂಬರ್ಸ್ ಇದೆಯಲ್ಲ, ಅದು ಸಾಲದಾ?

ಸಣ್ಣ ಪಟ್ಟಿಗೆ ಸಾಕು. ಐಫೋನ್ ಮತ್ತು ಐಪ್ಯಾಡ್‌ನ ನಂಬರ್ಸ್‌ನಲ್ಲಿ ಫಾರ್ಮ್ ಕೂಡ ಇದೆ. ಒಂದೊಂದೇ ಖಾನೆ ತುಂಬುತ್ತಾ ಹೋಗಬಹುದು. ತುಂಬ ಜನಕ್ಕೆ ಇದು ಗೊತ್ತೇ ಇಲ್ಲ, ಒಮ್ಮೆ ಪ್ರಯತ್ನಿಸಿ ನೋಡಿ.

ತೊಂದರೆ ಶುರುವಾಗುವುದು ಎರಡು ಪಟ್ಟಿಗಳನ್ನು ಜೋಡಿಸಬೇಕಾದಾಗ. ನಿಮ್ಮ ಹತ್ತಿರ ಇನ್ನೂರು ಪುಸ್ತಕಗಳಿವೆ, ಎರವಲು ಪಡೆಯುವ ಮೂವತ್ತು ಸ್ನೇಹಿತರಿದ್ದಾರೆ ಅಂದುಕೊಳ್ಳಿ. ಒಬ್ಬ ಸ್ನೇಹಿತೆಯ ಹೆಸರು ಒತ್ತಿದರೆ ಆಕೆಯ ಹತ್ತಿರ ಇರುವ ಪುಸ್ತಕಗಳೆಲ್ಲ ಕಾಣಬೇಕು. ಒಂದು ಪುಸ್ತಕ ಒತ್ತಿದರೆ ಅದು ಈವರೆಗೆ ಯಾರ್ಯಾರ ಕೈ ದಾಟಿ ಬಂದಿದೆ ಅಂತ ಕಾಣಬೇಕು. ಸ್ಪ್ರೆಡ್‌ಶೀಟ್‌ನಲ್ಲಿ ಇದನ್ನು ಸೂತ್ರ ಬರೆದು ಮಾಡಬಹುದು. ಆದರೆ ಯಾರೋ ಒಂದು ಸಾಲನ್ನು ತಪ್ಪು ಜಾಗಕ್ಕೆ ಎಳೆದರೆ ಸೂತ್ರ ಕೆಡುತ್ತದೆ, ಕೆಟ್ಟದ್ದು ಗೊತ್ತೂ ಆಗುವುದಿಲ್ಲ. ಲೆಕ್ಕಕ್ಕೆ ಮಾಡಿದ ಹಾಳೆಯಲ್ಲಿ ನೆನಪು ಇಡಲು ಹೋದರೆ ಹೀಗೇ ಆಗೋದು.

ಫೈಲ್‌ಮೇಕರ್?

ಕಂಪನಿಯ ಹೆಸರೇ ಇದ್ದ ಆ ದೊಡ್ಡ ಡೇಟಾಬೇಸ್ ಪ್ರೋಗ್ರಾಂ ಚೆನ್ನಾಗಿ ನಡೆಯುತ್ತಿದೆ. ಅದನ್ನು ಮಾಡುವ ಕಂಪನಿ 2019ರಲ್ಲಿ ಮತ್ತೆ ಕ್ಲಾರಿಸ್ ಅನ್ನುವ ಹಳೇ ಹೆಸರಿಗೇ ಮರಳಿತು. ಆದರೆ ಅದು ವ್ಯವಹಾರ ನಡೆಸುವವರ ಸಾಮಾನು. ಗಿಡಗಳ ಪಟ್ಟಿ ಇಡುವವರಿಗೆ ಅದನ್ನು ಕೊಳ್ಳಿ ಅಂತ ಹೇಳಲು ನನಗೆ ಮನಸ್ಸು ಬರುವುದಿಲ್ಲ.

ಹಳಬರು ಹೈಪರ್‌ಕಾರ್ಡ್ ಹೈಪರ್‌ಕಾರ್ಡ್ ಅಂತಾರಲ್ಲ, ಏನದು?

ಮ್ಯಾಕ್‌ಪೇಂಟ್ ಬರೆದ ಬಿಲ್ ಅಟ್ಕಿನ್ಸನ್ ಅವರೇ ಕಟ್ಟಿದ ಪ್ರೋಗ್ರಾಂ. 1987ರಲ್ಲಿ ಬಂತು, ಹೊಸ ಮ್ಯಾಕ್‌ಗಳ ಜೊತೆ ಉಚಿತವಾಗಿ ಸಿಗುತ್ತಿತ್ತು. ಪರದೆ ಮೇಲೆ ಒಂದು ಕಾರ್ಡ್. ಅದರ ಮೇಲೆ ಚಿತ್ರ, ಅಕ್ಷರ, ಗುಂಡಿ, ಏನು ಬೇಕಾದರೂ ಇಡಬಹುದು. ಗುಂಡಿ ಒತ್ತಿದರೆ ಇನ್ನೊಂದು ಕಾರ್ಡ್‌ಗೆ ಹೋಗುತ್ತದೆ. ಕಾರ್ಡ್‌ಗಳ ಕಂತೆಗೆ ಸ್ಟ್ಯಾಕ್ ಅಂತ ಹೆಸರು. ಜೊತೆಗೆ ಹೈಪರ್‌ಟಾಕ್ ಅನ್ನುವ ಭಾಷೆ ಇತ್ತು. ಅದರಲ್ಲಿ ‘ಗೋ ಟು ನೆಕ್ಸ್ಟ್ ಕಾರ್ಡ್’ ಅಂತ ಬರೆದರೆ ಸಾಕು, ಅದೇ ಪ್ರೋಗ್ರಾಂ ಸಾಲು. ಓದಲು ಬಂದವರಿಗೆ ಅರ್ಥ ಆಗುತ್ತಿತ್ತು.

ಇದರ ಬೆಲೆ ಗೊತ್ತಾಗಬೇಕಾದರೆ ಅದನ್ನು ಬಳಸಿದವರು ಯಾರು ಅಂತ ನೋಡಬೇಕು. ಮೇಷ್ಟ್ರುಗಳು ಪಾಠ ಮಾಡಿಕೊಂಡರು, ಮಕ್ಕಳು ಆಟ ಮಾಡಿದರು, ವೈದ್ಯರು ತಮ್ಮ ಟಿಪ್ಪಣಿಗಳನ್ನು ಜೋಡಿಸಿಟ್ಟರು. 1993ರಲ್ಲಿ ಬಂದು ಹೆಸರು ಮಾಡಿದ ಮಿಸ್ಟ್ ಅನ್ನುವ ಆಟ ಕೂಡ ಮ್ಯಾಕ್‌ನಲ್ಲಿ ಹೈಪರ್‌ಕಾರ್ಡ್ ಮೇಲೇ ಕಟ್ಟಿದ್ದು. ವೆಬ್ ಇನ್ನೂ ಹುಟ್ಟದ ಕಾಲದಲ್ಲಿ ಒತ್ತಿದರೆ ಬೇರೆ ಪುಟಕ್ಕೆ ಹೋಗುವ ಅನುಭವವನ್ನು ಲಕ್ಷಾಂತರ ಜನರ ಮುಂದೆ ಇಟ್ಟದ್ದು ಇದು. ಅಟ್ಕಿನ್ಸನ್ 2025ರಲ್ಲಿ ತೀರಿಕೊಂಡರು. ಅವರ ಪ್ರೋಗ್ರಾಂ ಅದಕ್ಕೂ ಎಷ್ಟೋ ಮೊದಲು, 2004ರಲ್ಲೇ, ಮಾರಾಟದಿಂದ ಹೊರಗಾಗಿತ್ತು.

ಐಪ್ಯಾಡ್ ಪರದೆ ಮೇಲೆ ಬೆರಳಿನಲ್ಲೇ ಕಾರ್ಡ್ ಜೋಡಿಸುವ ಹೊಸ ಹೈಪರ್‌ಕಾರ್ಡ್ ಬಂದರೆ? ನನಗಂತೂ ಇದು ಕನಸು ಅನ್ನಿಸುವುದಿಲ್ಲ, ಬಾಕಿ ಉಳಿದ ಕೆಲಸ ಅನ್ನಿಸುತ್ತದೆ.

ಫೋಟೋ ತೆಗೆಯುವವರು ಆಪರ್ಚರ್ ವಾಪಸ್ ಬೇಕು ಅಂತ ಇನ್ನೂ ಯಾಕೆ ಕೇಳುತ್ತಾರೆ?

ಅದು ಕೆಲಸ ಮಾಡುವ ರೀತಿ ಕಣ್ಣಿಗೂ ಕೈಗೂ ಹೊಂದಿಕೊಂಡಿತ್ತು, ಅದಕ್ಕೆ. ಫೋಟೋಗಳನ್ನು ಆರಿಸಿ ತಿದ್ದುವ ಆ್ಯಪಲ್‌ನ ಪ್ರೋಗ್ರಾಂ ಆಪರ್ಚರ್ ಬಂದದ್ದು 2005ರಲ್ಲಿ. ಮೂಲ ಫೋಟೋವನ್ನು ಅದು ಮುಟ್ಟುತ್ತಿರಲಿಲ್ಲ. ನೀವು ಮಾಡಿದ ತಿದ್ದುಪಡಿಗಳನ್ನಷ್ಟೇ ಬೇರೆ ಕಡೆ ಬರೆದಿಟ್ಟುಕೊಂಡು, ಒಂದೇ ಫೋಟೋದ ನಾಲ್ಕು ರೂಪಗಳನ್ನು ತೋರಿಸುತ್ತಿತ್ತು.

ಒಂದು ಉದಾಹರಣೆ ಹೇಳುತ್ತೇನೆ. ಹಾರುವ ಹಕ್ಕಿಯ ಫೋಟೋ ತೆಗೆಯುವವರು ಒಂದೇ ಹಾರಾಟಕ್ಕೆ ಹನ್ನೆರಡು ಸಲ ಕ್ಲಿಕ್ ಮಾಡುತ್ತಾರೆ. ಬೆಳಗ್ಗೆ ಮುಗಿಯುವಷ್ಟರಲ್ಲಿ ಆರುನೂರು ಫೋಟೋ. ಆಪರ್ಚರ್‌ನಲ್ಲಿ ಒಂದು ಪಟ್ಟಿ ಎಳೆದರೆ, ಇಷ್ಟು ಸೆಕೆಂಡಿನ ಒಳಗೆ ತೆಗೆದ ಫೋಟೋಗಳೆಲ್ಲ ತಾವಾಗಿ ಒಂದೊಂದು ಗುಂಪು ಆಗುತ್ತಿದ್ದವು. ಆರುನೂರರ ಜಾಗದಲ್ಲಿ ಐವತ್ತು ಗುಂಪು. ಗುಂಪಿನ ಒಳಗೆ ಹೋಗಿ, ದುಂಡನೆಯ ಭೂತಗನ್ನಡಿಯನ್ನು ಹಕ್ಕಿಯ ಕಣ್ಣಿನ ಮೇಲೆ ತಂದರೆ ಅಷ್ಟು ಭಾಗ ಮಾತ್ರ ದೊಡ್ಡದಾಗಿ ಕಾಣುತ್ತಿತ್ತು. ಕಣ್ಣು ಸ್ಪಷ್ಟ ಇದೆಯಾ? ಐದು ನಕ್ಷತ್ರ. ಮಸುಕಾ? ಮುಂದಕ್ಕೆ. ಇಡೀ ಫೋಟೋ ದೊಡ್ಡದು ಮಾಡಿ, ಸರಿಸಿ, ಮತ್ತೆ ಚಿಕ್ಕದು ಮಾಡುವ ಗೋಜೇ ಇರಲಿಲ್ಲ.

2014ರ ಜೂನ್‌ನಲ್ಲಿ ಆ್ಯಪಲ್ ಇದರ ಅಭಿವೃದ್ಧಿ ನಿಲ್ಲಿಸುವುದಾಗಿ ಹೇಳಿತು. ಮರುವರ್ಷ ಬಂದ ಫೋಟೋಸ್ ಆ್ಯಪ್ ಎಲ್ಲರಿಗೂ ಸುಲಭ, ಆದರೆ ಈ ಕೆಲಸಕ್ಕೆ ಆಗುವಂಥದ್ದಲ್ಲ. ಅದರಲ್ಲಿ ನಕ್ಷತ್ರಗಳಿಲ್ಲ, ಹೃದಯದ ಗುರುತು ಒಂದೇ. ಇಷ್ಟ ಅಥವಾ ಸುಮ್ನೆ, ಎರಡೇ ದರ್ಜೆ. ಆರುನೂರು ಫೋಟೋದಲ್ಲಿ ಹತ್ತು ಆರಿಸುವವರಿಗೆ ನಡುವಿನ ದರ್ಜೆಗಳು ಬೇಕೇ ಬೇಕು.

ಪಿಕ್ಸೆಲ್‌ಮೇಟರ್ ಕಂಪನಿಯನ್ನು ಆ್ಯಪಲ್‌ನವರು ಕೊಂಡಿದ್ದಾರಲ್ಲ, ಅದೇ ಮುಂದಿನ ಆಪರ್ಚರ್ ಆಗಬಹುದಾ?

ಅರ್ಧ ಆಗಬಹುದು. ಖರೀದಿಯ ಸುದ್ದಿ 2024ರ ನವೆಂಬರ್‌ನಲ್ಲಿ ಬಂತು, 2025ರ ಫೆಬ್ರವರಿಯಲ್ಲಿ ಅದು ಮುಗಿಯಿತು. ಪಿಕ್ಸೆಲ್‌ಮೇಟರ್ ಪ್ರೊ ಒಂದು ಫೋಟೋವನ್ನು ತಿದ್ದುವ ಪ್ರೋಗ್ರಾಂ. ಅದೇ ತಂಡದ ಫೋಟೋಮೇಟರ್ ಫೋಟೋಗಳ ರಾಶಿಯನ್ನೂ ನೋಡುತ್ತದೆ. ಹಾಗಾಗಿ ಆಸೆ ಇಟ್ಟುಕೊಳ್ಳೋಕೆ ಕಾರಣ ಇದೆ. ಗಮನಿಸಬೇಕಾದದ್ದು ಒಂದೇ: ತಿದ್ದುವುದು ಬೇರೆ, ಆರಿಸುವುದು ಬೇರೆ. ಆಪರ್ಚರ್‌ನ ಜೀವ ಇದ್ದದ್ದು ಆರಿಸುವುದರಲ್ಲಿ.

ಬ್ಯಾಕಪ್‌ಗೆ ಹೊಸ ಸಾಫ್ಟ್‌ವೇರ್ ಯಾಕೆ? ಟೈಮ್ ಮಷೀನ್ ಇದೆ, ಐಕ್ಲೌಡ್ ಇದೆ.

ಟೈಮ್ ಮಷೀನ್ ಒಳ್ಳೆಯ ಕೆಲಸ, ಅದರಲ್ಲಿ ಎರಡು ಮಾತಿಲ್ಲ. 2007ರಲ್ಲಿ ಬಂದಾಗ ಬ್ಯಾಕಪ್ ಅನ್ನುವ ಬೇಸರದ ಕೆಲಸವನ್ನು ಅದು ತಾನೇ ಮಾಡುವ ಕೆಲಸವಾಗಿಸಿತು. ಕಳೆದ 24 ಗಂಟೆಗೆ ಗಂಟೆಗೊಂದು ಪ್ರತಿ, ಕಳೆದ ತಿಂಗಳಿಗೆ ದಿನಕ್ಕೊಂದು, ಅದಕ್ಕೂ ಹಿಂದಿನದಕ್ಕೆ ವಾರಕ್ಕೊಂದು. ಡಿಸ್ಕ್ ಚುಚ್ಚಿ ಮರೆತುಬಿಡಿ.

ಆದರೆ ಆಮೇಲೆ ನಮ್ಮ ವಸ್ತುಗಳು ಜಾಗ ಬದಲಾಯಿಸಿದವು. ಫೋಟೋಗಳು ಐಕ್ಲೌಡ್‌ಗೆ ಹೋದವು. ಮ್ಯಾಕ್‌ನಲ್ಲಿ ಜಾಗ ಉಳಿಸುವ ಆಯ್ಕೆ ಹಾಕಿದ್ದರೆ ಅಲ್ಲಿರುವುದು ಸಣ್ಣ ಪ್ರತಿ, ಅಸಲಿ ಇರುವುದು ಕ್ಲೌಡ್‌ನಲ್ಲಿ. ಮ್ಯಾಕ್‌ನಲ್ಲಿ ಇಲ್ಲದ್ದನ್ನು ಟೈಮ್ ಮಷೀನ್ ಹೇಗೆ ಉಳಿಸುತ್ತದೆ? ಉಳಿಸುವುದಿಲ್ಲ. ಇದು ಗೊತ್ತಿಲ್ಲದೆ ‘ನನ್ನ ಹತ್ತಿರ ಬ್ಯಾಕಪ್ ಇದೆ’ ಅಂತ ನೆಮ್ಮದಿಯಾಗಿ ಇರುವವರು ಎಷ್ಟೋ ಜನ.

ಐಕ್ಲೌಡ್ ಕೂಡ ಬ್ಯಾಕಪ್ ಅಲ್ಲ, ಅದು ಎಲ್ಲ ಕಡೆ ಒಂದೇ ಥರ ಇಡುವ ವ್ಯವಸ್ಥೆ. ಫೋನ್‌ನಲ್ಲಿ ಒಂದು ಫೋಟೋ ಅಳಿಸಿದರೆ ಮ್ಯಾಕ್‌ನಲ್ಲೂ ಅಳಿಸುತ್ತದೆ. ಅಳಿಸಿದ್ದು ಮೂವತ್ತು ದಿನ ಬುಟ್ಟಿಯಲ್ಲಿ ಇರುತ್ತದೆ, ಆಮೇಲೆ ಹೋಯಿತು. ಉಚಿತ ಜಾಗ 2011ರಲ್ಲಿ 5 ಜಿಬಿ ಇತ್ತು, ಈಗಲೂ ಅಷ್ಟೇ.

ಬೇಕಾಗಿರುವುದು ಇಡೀ ಮನೆಗೆ ಒಂದೇ ಪ್ರೋಗ್ರಾಂ. ಕ್ಲೌಡ್‌ನಲ್ಲಿರುವ ಅಸಲಿಯನ್ನು ತಾನೇ ಇಳಿಸಿಕೊಂಡು, ಮನೆಯಲ್ಲಿರುವ ಡಿಸ್ಕ್‌ಗೆ ಬರೆಯಬೇಕು. ಮನೆಯವರೆಲ್ಲರ ಫೋನ್, ಐಪ್ಯಾಡ್, ಮ್ಯಾಕ್ ಅದರೊಳಗೆ ಬರಬೇಕು. ಇಂಥ ಪೆಟ್ಟಿಗೆಯ ಹತ್ತಿರಕ್ಕೆ ಆ್ಯಪಲ್ ಒಮ್ಮೆ ಬಂದಿತ್ತು. 2008ರ ಟೈಮ್ ಕ್ಯಾಪ್ಸೂಲ್ ವೈಫೈ ರೂಟರ್ ಕೂಡ ಆಗಿತ್ತು, ಬ್ಯಾಕಪ್ ಡಿಸ್ಕ್ ಕೂಡ ಆಗಿತ್ತು. 2018ರಲ್ಲಿ ಅದನ್ನು ನಿಲ್ಲಿಸಿದರು. ಒಂದು ಮ್ಯಾಕ್‌ನಿಂದ ಉಳಿದ ಸಾಧನಗಳಿಗೆ ಸೇವೆ ಒದಗಿಸುವ ಮ್ಯಾಕ್‌ಓಎಸ್ ಸರ್ವರ್ 2022ರಲ್ಲಿ ನಿಂತಿತು. ಒಂದು ಮ್ಯಾಕ್‌ನ ಫೋಲ್ಡರನ್ನು ಉಳಿದ ಮ್ಯಾಕ್‌ಗಳ ಟೈಮ್ ಮಷೀನ್ ಜಾಗ ಮಾಡುವ ಸೌಲಭ್ಯ ಶೇರಿಂಗ್ ಸೆಟ್ಟಿಂಗ್ಸ್ ಒಳಗೆ ಇನ್ನೂ ಇದೆ. ಹುಡುಕಿ ತೆಗೆಯಬೇಕು ಅಷ್ಟೇ.

ಐಫೋನ್‌ಗೆ ಡಿಸ್ಕ್ ಚುಚ್ಚಿ ನೇರವಾಗಿ ಬ್ಯಾಕಪ್ ಮಾಡಬಹುದಾ?

ಪೂರ್ತಿ ಫೋನ್‌ನ ಬ್ಯಾಕಪ್ ಹಾಗೆ ಆಗುವುದಿಲ್ಲ. 2023ರ ಐಫೋನ್ 15ರಿಂದ ಯುಎಸ್‌ಬಿ-ಸಿ ಬಂದಿದೆ, ಡಿಸ್ಕ್ ಚುಚ್ಚಿ ಫೈಲ್ ನಕಲು ಮಾಡಬಹುದು. ಆದರೆ ಬ್ಯಾಕಪ್‌ಗೆ ಐಕ್ಲೌಡ್ ಬೇಕು, ಇಲ್ಲವೇ ಒಂದು ಕಂಪ್ಯೂಟರ್ ಬೇಕು. ಕಂಪ್ಯೂಟರೇ ಇಲ್ಲದೆ ಫೋನ್ ಒಂದರಲ್ಲೇ ಬದುಕುವವರು ಈಗ ಎಷ್ಟು ಜನ! ಅವರಿಗೆ ಈ ಒಂದು ಗುಂಡಿ ಕೊಟ್ಟರೆ ದೊಡ್ಡ ಉಪಕಾರ.

ಸಣ್ಣ ಪುಟ್ಟ ಆಸೆಗಳು?

ಮ್ಯಾಕ್‌ನಲ್ಲಿರುವ, ಸರಳವಾಗಿ ಬರೆಯುವ ಟೆಕ್ಸ್ಟ್‌ಎಡಿಟ್ ಐಪ್ಯಾಡ್‌ಗೂ. ಸಂಪರ್ಕಗಳ ಪುಸ್ತಕದಲ್ಲಿ ‘ಈ ವ್ಯಕ್ತಿಯ ಜೊತೆ ಕೊನೇ ಸಲ ಮಾತಾಡಿದ್ದು ಯಾವಾಗ’ ಅಂತ ತೋರಿಸುವ ಒಂದು ಸಾಲು. ಸರಳ ವೆಬ್ ಪುಟ ಕಟ್ಟುವ ಸಾಧನ. 2006ರಲ್ಲಿ ಬಂದ ಐವೆಬ್ ಆ ಕೆಲಸ ಮಾಡುತ್ತಿತ್ತು. ಅದರ ಪುಟಗಳಿಗೆ ಜಾಗ ಕೊಡುತ್ತಿದ್ದ ಮೊಬೈಲ್‌ಮಿ ಸೇವೆ 2012ರಲ್ಲಿ ಮುಚ್ಚಿತು. ಇನ್ನೂ ಹೇಳುತ್ತಾ ಹೋಗಬಹುದು.

ಇಂಥ ಆಸೆ ಎಂದಾದರೂ ಈಡೇರಿದ್ದು ಉಂಟಾ?

ಉಂಟು, ತಡವಾಗಿ. ಐಪ್ಯಾಡ್ ಬಂದದ್ದು 2010ರಲ್ಲಿ. ಅದಕ್ಕೆ ಆ್ಯಪಲ್‌ನದೇ ಕ್ಯಾಲ್ಕುಲೇಟರ್ ಬಂದದ್ದು 2024ರಲ್ಲಿ. ಹದಿನಾಲ್ಕು ವರ್ಷ! ಆದರೆ ಬಂದಾಗ ಸುಮ್ನೆ ಬರಲಿಲ್ಲ. ಪೆನ್ಸಿಲ್‌ನಲ್ಲಿ ಲೆಕ್ಕ ಬರೆದು ಸಮ ಚಿಹ್ನೆ ಹಾಕಿದರೆ ಉತ್ತರ ನಿಮ್ಮ ಕೈಬರಹದ ಥರಾನೇ ಮೂಡುತ್ತದೆ. ಅದೇ ವರ್ಷ ಪಾಸ್‌ವರ್ಡ್‌ಗಳಿಗೆ ಬೇರೆಯೇ ಆ್ಯಪ್ ಸಿಕ್ಕಿತು, ಮ್ಯಾಕ್‌ನಲ್ಲಿ ಕಿಟಕಿಗಳನ್ನು ಪರದೆಯ ಅಂಚಿಗೆ ಜೋಡಿಸುವ ಸೌಲಭ್ಯವೂ ಬಂತು. ಫೈನಲ್ ಕಟ್ ಮತ್ತು ಸಂಗೀತ ಮಾಡುವ ಲಾಜಿಕ್ 2023ರಲ್ಲಿ ಐಪ್ಯಾಡ್‌ಗೆ ಬಂದವು. ಪಿಡಿಎಫ್, ಚಿತ್ರ ತೆರೆದು ನೋಡುವ ಪ್ರಿವ್ಯೂ 2025ರಲ್ಲಿ ಬಂತು. ಕೇಳಿದ್ದೆಲ್ಲ ಗಾಳಿಗೆ ಹೋಗುವುದಿಲ್ಲ ಅನ್ನಲು ಇಷ್ಟು ಸಾಕಲ್ವಾ?

ಎಲ್ಲವನ್ನೂ ಆ್ಯಪಲ್ಲೇ ಮಾಡಿದರೆ ಸಣ್ಣ ಡೆವಲಪರ್‌ಗಳ ಗತಿ ಏನು?

ಈ ಪ್ರಶ್ನೆ ನನ್ನನ್ನು ನಿಜಕ್ಕೂ ಕಾಡುತ್ತದೆ. 2002ರಲ್ಲಿ ನಡೆದದ್ದನ್ನು ಮ್ಯಾಕ್ ಲೋಕ ಮರೆತಿಲ್ಲ. ವಾಟ್ಸನ್ ಅನ್ನುವ ಚಿಕ್ಕ ಪ್ರೋಗ್ರಾಂ ಇತ್ತು. ಸಿನಿಮಾ ಸಮಯ, ನಿಘಂಟು, ವಿಮಾನದ ವೇಳೆ ಇವನ್ನೆಲ್ಲ ಬ್ರೌಸರ್ ಇಲ್ಲದೆ ತೋರಿಸುತ್ತಿತ್ತು. ಆ್ಯಪಲ್ ತನ್ನ ಷರ್ಲಾಕ್ ಅನ್ನುವ ಹುಡುಕುವ ಪ್ರೋಗ್ರಾಂನ ಮೂರನೇ ಆವೃತ್ತಿಯಲ್ಲಿ ಹೆಚ್ಚು ಕಡಿಮೆ ಅದೇ ಕೆಲಸವನ್ನು ಉಚಿತವಾಗಿ ಕೊಟ್ಟಿತು. ಅಲ್ಲಿಂದ ‘ಷರ್ಲಾಕ್ ಆಗೋದು’ ಅನ್ನುವ ಮಾತೇ ಹುಟ್ಟಿತು. ಸಣ್ಣವರ ಕೆಲಸವನ್ನು ದೊಡ್ಡವರು ಒಳಗೆ ಸೇರಿಸಿಕೊಳ್ಳುವುದಕ್ಕೆ ಇವತ್ತಿಗೂ ಅದೇ ಹೆಸರು.

ಇನ್ನೊಂದು ದಾರಿ ಇದೆ, ಕೊಂಡುಕೊಳ್ಳುವುದು. ಐಟ್ಯೂನ್ಸ್ ಹುಟ್ಟಿದ್ದು ಸೌಂಡ್‌ಜ್ಯಾಮ್ ಅನ್ನುವ ಪ್ರೋಗ್ರಾಂನಿಂದ. ಲಾಜಿಕ್ ಬಂದದ್ದು 2002ರಲ್ಲಿ ಕೊಂಡ ಎಮಾಜಿಕ್ ಕಂಪನಿಯಿಂದ. ಈಗಿನ ಶಾರ್ಟ್‌ಕಟ್ಸ್ ಆ್ಯಪಲ್ 2017ರಲ್ಲಿ ಕೊಂಡಾಗ ವರ್ಕ್‌ಫ್ಲೋ ಆಗಿತ್ತು. ಮಾಡಿದವರಿಗೆ ಹಣ ಸಿಗುತ್ತದೆ, ಕೆಲಸವೂ ಮುಂದುವರಿಯುತ್ತದೆ. ಆದರೆ ಬಳಕೆದಾರರಿಗೆ ಯಾವಾಗಲೂ ಒಳ್ಳೆಯದಾಗುತ್ತದೆ ಅನ್ನುವ ಹಾಗಿಲ್ಲ. ಹವಾಮಾನದ ಡಾರ್ಕ್ ಸ್ಕೈ ಆ್ಯಪ್ ಅನ್ನು 2020ರಲ್ಲಿ ಕೊಂಡ ಮೇಲೆ ಆಂಡ್ರಾಯ್ಡ್‌ನವರಿಗೆ ಅದು ಇಲ್ಲವಾಯಿತು, ಆಮೇಲೆ ಐಫೋನ್‌ನಲ್ಲೂ ಬೇರೆ ಆ್ಯಪ್ ಆಗಿ ಉಳಿಯಲಿಲ್ಲ.

ನನ್ನ ಅಳತೆ ಇಷ್ಟು. ಹತ್ತು ಜನ ಚೆನ್ನಾಗಿ ಮಾಡುತ್ತಿರುವ ಕೆಲಸಕ್ಕೆ ಆ್ಯಪಲ್ ಕೈ ಹಾಕುವುದು ಬೇಡ. ಯಾರೂ ಮೂವತ್ತು ವರ್ಷ ನಡೆಸಲಾಗದ ಕೆಲಸ ಇದ್ದರೆ ಅದನ್ನು ಮಾಡಲಿ. ಡೇಟಾಬೇಸ್, ಫೋಟೋ ಸಂಗ್ರಹ, ಬ್ಯಾಕಪ್ ಆ ಜಾತಿಗೆ ಸೇರಿದವು.

ಎಐ ಬಂದಿದೆಯಲ್ಲ, ಬೇಕಾದ ಪ್ರೋಗ್ರಾಂ ನಾವೇ ಮಾಡಿಸಿಕೊಳ್ಳಬಹುದಲ್ಲ?

ಮಾಡಿಸಿಕೊಳ್ಳಬಹುದು. ಹುಡುಕಲು, ವಿಂಗಡಿಸಲು, ಒಂದು ಸಣ್ಣ ಸಾಧನ ಕಟ್ಟಲು ಅದು ನಿಜಕ್ಕೂ ನೆರವಾಗುತ್ತದೆ. ಆದರೆ ಹುಡುಕಬೇಕಾದರೆ ವಸ್ತು ಒಂದು ಕಡೆ ಇರಬೇಕು. ಇವತ್ತು ಕಟ್ಟಿಸಿದ ಪ್ರೋಗ್ರಾಂ ನಾಲ್ಕು ವರ್ಷದ ನಂತರ ಹೊಸ ಮ್ಯಾಕ್‌ಓಎಸ್‌ನಲ್ಲಿ ಓಡದಿದ್ದರೆ ರಿಪೇರಿ ಯಾರು ಮಾಡುತ್ತಾರೆ? ಇಡುವ ಜಾಗ ಗಟ್ಟಿ ಇರಲಿ, ಅದರ ಮೇಲೆ ಎಐ ಬರಲಿ. ಆ ಕ್ರಮವೇ ಸರಿ ಅಂತ ನನಗನ್ನಿಸುತ್ತದೆ.

ಚೆನ್ನಾಗಿ ನಡೆಯುವ ಪ್ರೋಗ್ರಾಂ ಹಳೆಯದಾದ ಕೂಡಲೇ ಯಾಕೆ ಓಡುವುದು ನಿಲ್ಲಿಸುತ್ತದೆ?

ಕೆಳಗಿನ ನೆಲ ಬದಲಾಗುತ್ತದೆ. ಮ್ಯಾಕ್‌ನ ಪ್ರೊಸೆಸರ್ ಮೂರು ಸಲ ಬದಲಾಗಿದೆ. 1994ರಲ್ಲಿ ಪವರ್‌ಪಿಸಿ, 2006ರಲ್ಲಿ ಇಂಟೆಲ್, 2020ರಲ್ಲಿ ಆ್ಯಪಲ್‌ನದೇ ಚಿಪ್. ಪ್ರತಿ ಸಲವೂ ಹಳೇ ಪ್ರೋಗ್ರಾಂಗಳನ್ನು ಓಡಿಸುವ ತಾತ್ಕಾಲಿಕ ಸೇತುವೆ ಕೊಡುತ್ತಾರೆ, ಕೆಲವು ವರ್ಷದ ನಂತರ ತೆಗೆಯುತ್ತಾರೆ. ಪವರ್‌ಪಿಸಿ ಸೇತುವೆ 2011ರ ಲಯನ್ ಅನ್ನುವ ಮ್ಯಾಕ್‌ಓಎಸ್ ಆವೃತ್ತಿಯಲ್ಲಿ ಹೋಯಿತು. ಪತ್ರ, ಪಟ್ಟಿ ಮಾಡಲು ಬಳಸುತ್ತಿದ್ದ, ಪವರ್‌ಪಿಸಿ ಕಾಲದ ಆ್ಯಪಲ್‌ವರ್ಕ್ಸ್ ಅಲ್ಲಿಗೆ ಮುಗಿಯಿತು. 2019ರ ಕ್ಯಾಟಲಿನಾದಲ್ಲಿ 32 ಬಿಟ್ ಪ್ರೋಗ್ರಾಂಗಳು ನಿಂತವು. ಆಪರ್ಚರ್ ಓಡಿದ್ದೂ ಅದರ ಹಿಂದಿನ ಮೊಹಾವೆವರೆಗೆ ಮಾತ್ರ. ನೆಲ ಬದಲಾಗುವುದು ತಪ್ಪಲ್ಲ, ಯಂತ್ರ ವೇಗ ಆಗಬೇಕಾದರೆ ಬೇಕು. ಆದರೆ ಪ್ರೋಗ್ರಾಂ ಜೊತೆ ಅದರಲ್ಲಿ ಮಾಡಿಟ್ಟ ಕೆಲಸವೂ ಬಾಗಿಲು ಹಾಕಿಕೊಂಡು ಬಿಡುತ್ತದೆ. ನೋವು ಅದು.

ನಿಂತುಹೋದ ಪ್ರೋಗ್ರಾಂನ ಫೈಲ್‌ಗಳು ನನ್ನ ಹತ್ತಿರ ಇವೆ. ಏನು ಮಾಡಲಿ?

ಮೊದಲು, ಯಾವುದನ್ನೂ ಅಳಿಸಬೇಡಿ.

ಆ್ಯಪಲ್‌ವರ್ಕ್ಸ್ ಅಥವಾ ಕ್ಲಾರಿಸ್‌ವರ್ಕ್ಸ್‌ನಲ್ಲಿ ಬರೆದ ಪತ್ರ, ಪಟ್ಟಿ ಇದ್ದರೆ ಲಿಬ್ರೆ ಆಫೀಸ್ ಇಳಿಸಿಕೊಂಡು ತೆರೆದು ನೋಡಿ. ಅದು ಉಚಿತ. ಅದರ ಸ್ವಯಂಸೇವಕರು ಹಳೇ ಮ್ಯಾಕ್ ಫೈಲ್‌ಗಳನ್ನು ಓದುವ ಭಾಗವನ್ನು ಕಷ್ಟಪಟ್ಟು ಬರೆದಿದ್ದಾರೆ. ಪುಟದ ಅಲಂಕಾರ ಅಲ್ಲಲ್ಲಿ ಜಾರಬಹುದು, ಅಕ್ಷರಗಳು ಸಾಮಾನ್ಯವಾಗಿ ಬರುತ್ತವೆ.

ಆಪರ್ಚರ್ ಲೈಬ್ರರಿ ಇದ್ದರೆ ಫೋಟೋಸ್‌ಗೂ ಲೈಟ್‌ರೂಮ್ ಕ್ಲಾಸಿಕ್‌ಗೂ ವರ್ಗಾಯಿಸುವ ದಾರಿಗಳಿವೆ. ಫೋಟೋಸ್‌ಗೆ ತಂದರೆ ನಕ್ಷತ್ರಗಳು ಕೀವರ್ಡ್‌ಗಳಾಗಿ ಬದಲಾಗುತ್ತವೆ, ಕಳೆದುಹೋದವು ಅಂತ ಗಾಬರಿಯಾಗಬೇಡಿ. ಯಾವ ದಾರಿಯೂ ಆಗದಿದ್ದರೆ ಫೈಂಡರ್‌ನಲ್ಲಿ ಆ ಲೈಬ್ರರಿ ಮೇಲೆ ಬಲ ಕ್ಲಿಕ್ ಮಾಡಿ ಒಳಗಿನ ಫೋಲ್ಡರ್‌ಗಳನ್ನು ತೆರೆಯಿರಿ. ಮಾಸ್ಟರ್ಸ್ ಅನ್ನುವ ಫೋಲ್ಡರ್‌ನಲ್ಲಿ ಅಸಲಿ ಫೋಟೋಗಳು ಹಾಗೇ ಇರುತ್ತವೆ. ಫೋಟೋಗಳನ್ನು ಲೈಬ್ರರಿಯ ಹೊರಗೆ ಬೇರೆ ಡಿಸ್ಕ್‌ನಲ್ಲಿ ಇಟ್ಟಿದ್ದರೆ ಮಾತ್ರ ಅಲ್ಲಿ ಸಿಗುವುದಿಲ್ಲ.

ಹೈಪರ್‌ಕಾರ್ಡ್ ಸ್ಟ್ಯಾಕ್‌ಗಳಿಗೆ ಇಂಟರ್ನೆಟ್ ಆರ್ಕೈವ್ 2017ರಿಂದ ಒಂದು ವ್ಯವಸ್ಥೆ ಮಾಡಿದೆ. ಹಳೇ ಮ್ಯಾಕ್‌ನ ಅನುಕರಣೆ ಬ್ರೌಸರ್ ಒಳಗೇ ಓಡುತ್ತದೆ, ಅದರಲ್ಲಿ ಸ್ಟ್ಯಾಕ್ ತೆರೆಯಬಹುದು.

ಒಂದೇ ಒಂದು ಪ್ರೋಗ್ರಾಂ ಕೇಳಬಹುದು ಅಂದರೆ ನೀವು ಏನು ಕೇಳುತ್ತೀರಿ?

ಡೇಟಾಬೇಸ್ ಬಗ್ಗೆ ಅಷ್ಟು ಬರೆದ ಮೇಲೂ, ನಾನು ಕೇಳುವುದು ಬೇರೆ. ಆ್ಯಪಲ್ ತಾನು ಈವರೆಗೆ ಮಾಡಿದ ಎಲ್ಲ ಪ್ರೋಗ್ರಾಂಗಳ ಫೈಲ್‌ಗಳನ್ನು ತೆರೆದು ತೋರಿಸುವ ಒಂದು ಪ್ರೋಗ್ರಾಂ. ತಿದ್ದಲು ಬೇಡ, ಓದಲು ಬಂದರೆ ಸಾಕು. ಮ್ಯಾಕ್‌ರೈಟ್‌ನ ಪತ್ರ, ಮ್ಯಾಕ್‌ಪೇಂಟ್‌ನ ಚಿತ್ರ, ಹೈಪರ್‌ಕಾರ್ಡ್‌ನ ಸ್ಟ್ಯಾಕ್, ಬೆಂಟೋ ಪಟ್ಟಿ, ಐವೆಬ್ ಪುಟ, ಆಪರ್ಚರ್ ಲೈಬ್ರರಿ. ಒತ್ತಿದರೆ ತೆರೆಯಬೇಕು. ಅಲ್ಲಿಂದ ಪಿಡಿಎಫ್, ಸಾದಾ ಪಠ್ಯ, ಚಿತ್ರ ಹೀಗೆ ಹೊರಗೆ ತೆಗೆಯಲು ಬರಬೇಕು.

ಯಾಕೆ ಇದು ಅಂದರೆ, ನನಗೆ ಒಮ್ಮೆ ಪೆಟ್ಟು ಬಿದ್ದಿದೆ. ಓದಿದ ಪುಸ್ತಕಗಳ ಟಿಪ್ಪಣಿಗಳನ್ನು ಒಂದು ಸಣ್ಣ ಕಂಪನಿಯ ಪ್ರೋಗ್ರಾಂನಲ್ಲಿ ಆರು ವರ್ಷ ಬರೆದಿಟ್ಟಿದ್ದೆ. ಆ ಕಂಪನಿ ಮುಚ್ಚುವಾಗ ಒಂದು ತಿಂಗಳು ಸಮಯ ಕೊಟ್ಟಿತು, ಎಲ್ಲವನ್ನೂ ಒಂದು ಪಠ್ಯದ ಫೈಲ್ ಆಗಿ ಇಳಿಸಿಕೊಳ್ಳಿ ಅಂದಿತು. ಇಳಿಸಿಕೊಂಡೆ, ತೆರೆದು ನೋಡಲಿಲ್ಲ. ವರ್ಷದ ನಂತರ ತೆರೆದಾಗ ನೋಡುತ್ತೇನೆ: ಟಿಪ್ಪಣಿಯಲ್ಲಿ ಎಲ್ಲೆಲ್ಲಿ ಅಲ್ಪವಿರಾಮ ಇತ್ತೋ ಅಲ್ಲೆಲ್ಲ ಖಾನೆ ಒಡೆದಿದೆ. ಒಂದು ವಾಕ್ಯದ ಅರ್ಧ ‘ಲೇಖಕರು’ ಅನ್ನುವ ಕಡೆ, ಇನ್ನರ್ಧ ‘ಪುಟ’ ಅನ್ನುವ ಕಡೆ. ದಿನಾಂಕಗಳು ಎಲ್ಲೋ ಬಲತುದಿಗೆ ಹೋಗಿ ಕೂತಿವೆ. ಅಲ್ಪವಿರಾಮ ಹಾಕದೆ ಬರೆದ ಚಿಕ್ಕ ಟಿಪ್ಪಣಿಗಳು ಮಾತ್ರ ಸರಿಯಾಗಿದ್ದವು. ಮನಸ್ಸಿಟ್ಟು ಬರೆದ ಉದ್ದದವೇ ಚೂರುಚೂರಾಗಿದ್ದವು. ಮೂರು ತಿಂಗಳು ರಾತ್ರಿ ಕೂತು ಕೈಯಲ್ಲೇ ಸರಿ ಮಾಡಿದೆ. ಎಲ್ಲ ಸರಿಯಾಗಲಿಲ್ಲ.

ಅಷ್ಟು ಹಳೇ ಫೈಲ್‌ಗಳನ್ನು ತೆರೆಯುವುದು ಸಾಧ್ಯವಾ?

ಸಂಬಳ ಇಲ್ಲದ ಸ್ವಯಂಸೇವಕರು ಹೊರಗಿನಿಂದ ಊಹಿಸಿ ಊಹಿಸಿ ಇಷ್ಟು ಮಾಡಿದ್ದಾರೆ. ಫೈಲ್ ಹೇಗೆ ಬರೆಯಲಾಗಿದೆ ಅಂತ ಗೊತ್ತಿರುವ ಕಂಪನಿಗೆ ಆಗದೆ ಇರುತ್ತದಾ? ಹಳೆಯದನ್ನು ಹಂಚಿಕೊಳ್ಳುವ ಮನಸ್ಸೂ ಅಲ್ಲಿ ಕಂಡಿದೆ. ಮ್ಯಾಕ್‌ಪೇಂಟ್‌ನ ಮೂಲ ಕೋಡ್ 2010ರಲ್ಲಿ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಂ ಮೂಲಕ ಎಲ್ಲರಿಗೂ ಸಿಕ್ಕಿತು. ಲೀಸಾ ಕಂಪ್ಯೂಟರ್‌ನ ಕೋಡ್ 2023ರಲ್ಲಿ ಬಂತು.

ನಮ್ಮ ಆಸೆಯನ್ನು ಆ್ಯಪಲ್‌ಗೆ ಹೇಗೆ ತಿಳಿಸೋದು?

ಅವರ ವೆಬ್‌ಸೈಟ್‌ನಲ್ಲಿ ಫೀಡ್‌ಬ್ಯಾಕ್ ಪುಟ ಇದೆ. ಪ್ರತಿ ಆ್ಯಪ್‌ಗೂ ಬೇರೆ ಬೇರೆ ಫಾರ್ಮ್. ಉತ್ತರ ಬರುತ್ತದೆ ಅಂತ ಕಾಯಬೇಡಿ.

ಒಂದು ಎಚ್ಚರಿಕೆ ಇದೆ, ದಯವಿಟ್ಟು ಗಮನಿಸಿ. ಕೇಳದೆ ಕಳಿಸಿದ ಹೊಸ ಐಡಿಯಾಗಳನ್ನು ತಾನು ಸ್ವೀಕರಿಸುವುದಿಲ್ಲ ಅಂತ ಆ್ಯಪಲ್ ತನ್ನ ನೀತಿಯಲ್ಲಿ ಹೇಳಿದೆ. ಆದರೂ ಕಳಿಸಿದರೆ ಅದು ಕಂಪನಿಯ ಸ್ವತ್ತಾಗುತ್ತದೆ, ನಿಮಗೆ ಹಣ ಬರುವುದಿಲ್ಲ. ಹಾಗಾಗಿ ಮಾರಬಹುದಾದ ಐಡಿಯಾ ನಿಮ್ಮ ಹತ್ತಿರ ಇದ್ದರೆ ಅದನ್ನು ಅಲ್ಲಿ ಬರೆಯಬೇಡಿ. ಈಗ ಇರುವ ಪ್ರೋಗ್ರಾಂ ಬಗ್ಗೆ ಬರೆಯಿರಿ. ‘ಆಪರ್ಚರ್ ವಾಪಸ್ ಕೊಡಿ’ ಅನ್ನುವುದಕ್ಕಿಂತ ‘ಫೋಟೋಸ್‌ನಲ್ಲಿ ಆರುನೂರು ಫೋಟೋದಿಂದ ಹತ್ತು ಆರಿಸಲು ನನಗೆ ಎರಡು ಗಂಟೆ ಹಿಡಿಯಿತು, ಕಾರಣ ಇದು’ ಅಂತ ಬರೆದರೆ ಓದುವವರಿಗೆ ಹಿಡಿಯಲು ಏನೋ ಸಿಗುತ್ತದೆ. ಒಂದು ಫಾರ್ಮ್‌ಗೆ ಒಂದೇ ವಿಷಯ. ಹತ್ತು ದೂರು ಒಟ್ಟಿಗೆ ಸೇರಿಸಬೇಡಿ.

ಅವರು ಮಾಡುವವರೆಗೆ ನಾನು ಇವತ್ತು ಏನು ಮಾಡಬಹುದು?

ನೀವು ಅತಿ ಜಾಸ್ತಿ ಬರೆದಿಡುವ ಒಂದು ಪ್ರೋಗ್ರಾಂ ತೆರೆಯಿರಿ. ಮೆನುವಿನಲ್ಲಿ ಎಕ್ಸ್‌ಪೋರ್ಟ್ ಎಲ್ಲಿದೆ ಹುಡುಕಿ. ಇಲ್ಲವೇ ಇಲ್ಲ ಅಂದರೆ ಆ ಪ್ರೋಗ್ರಾಂನಲ್ಲಿ ಮುಂದೆ ಏನೂ ಬರೆಯಬೇಡಿ. ಇದ್ದರೆ ಎಲ್ಲವನ್ನೂ ಹೊರಗೆ ತೆಗೆದು, ಬಂದ ಫೈಲನ್ನು ಬೇರೆ ಪ್ರೋಗ್ರಾಂನಲ್ಲಿ ತೆರೆದು ನೋಡಿ. ಮೊದಲ ಸಾಲು ನೋಡಿ ಸಮಾಧಾನ ಪಡಬೇಡಿ. ಅಲ್ಪವಿರಾಮ ಇರುವ ಒಂದು ಉದ್ದದ ಟಿಪ್ಪಣಿ ಹುಡುಕಿ, ಅದು ಕೊನೆಯ ಪದದವರೆಗೆ ಒಂದೇ ಖಾನೆಯಲ್ಲಿ ಇದೆಯಾ ನೋಡಿ.